ವಾಯವ್ಯದ ಸಾಲ

ಶ್ರಾವಣದ ಮಳೆ ಒಂದು ಗಳಿಗೆ ಹೊಳವಾದ ಮಧ್ಯಾಹ್ನವದು. ಗೋಕಾಕದ ನಮ್ಮ ಮನೆಯ ಮಾಳಿಗೆಯ ಮೇಲೆ ಇಪ್ಪತ್ತೈದಡಿ ಉದ್ದದ ಬಿಳಿಯ ಹಾಯಿಯನ್ನು ಹಾಸಿ, ಗಾಳಿಗೆ ಹಾರದಂತೆ ಅದರ ಮೂರು ಮೂಲೆಗಳಿಗೂ ಕಲ್ಲು ಹೇರಿ, ಹೊಲಿಗೆಗಳನ್ನು ಒಂದೊಂದಾಗಿ ಉಗುರಿನಿಂದ ಕೆದಕಿ ಪರೀಕ್ಷಿಸುತ್ತ ನಾನು ಕುಳಿತಿದ್ದಾಗ, ಮೂಡಲಗಿಯಿಂದ ಬಂದ ನಮ್ಮ ಬಳಗದ ಹಿರಿಯರೊಬ್ಬರು ಮೆಟ್ಟಿಲೇರಿ ಬಂದು ನಿಂತರು.

“ಇದೇನ್ರಿ ಮಾಸ್ತರ, ಮಳಿಗಾಲದಾಗ ತಾಡಪತ್ರಿ ಹಾಸೀರಿ, ರಾಶಿ ಎಲ್ಲೈತಿ?”

“ತಾಡಪತ್ರಿ ಅಲ್ಲ ಕಾಕಾ, ದೋಣೀ ಹಾಯಿ. ಈ ಸಲ ಕಾರವಾರದಿಂದ ಮಂಗಳೂರ ಮಟಾ ಹೋಗೂದೈತಿ, ಗಾಳೀ ಮ್ಯಾಲ.”

ಕಾಕಾ ಹಾಯಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಪೇಟೆಯಲ್ಲಿ ಧೋತರ ನೋಡುವವರಂತೆ ತಿಕ್ಕಿ ನೋಡಿ, “ಹೋಗೂದು ಸೈ, ತಿರಗಿ ಬರೂದು ಹ್ಯಾಂಗ?” ಎಂದರು.

ಕಡಲನ್ನು ತಮ್ಮ ಜೀವಮಾನದಲ್ಲಿ ಒಂದೆರಡು ಬಾರಿ, ಅದೂ ಗೋಕರ್ಣದ ಯಾತ್ರೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕಂಡ ಈ ವೃದ್ಧರು ಕೇಳಿದ ಪ್ರಶ್ನೆಯನ್ನು, ಹಾಯಿಯ ವ್ಯಸನಕ್ಕೆ ಬಿದ್ದ ಮೊದಲ ಕೆಲವು ವರ್ಷಗಳಲ್ಲಿ ನಾನು ನನಗೆ ಕೇಳಿಕೊಂಡಿರಲಿಲ್ಲವೆಂಬುದನ್ನು ಈ ಅಂಕಣದಲ್ಲಿ ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಕಾಕಾ ಎತ್ತುಗಳನ್ನು ಬಲ್ಲವರು. ದನದ ಸಂತೆಯಲ್ಲಿ ಎತ್ತು ಕೊಳ್ಳುವಾಗ ಇಳಿಜಾರಿನಲ್ಲಿ ಅದರ ನಡಿಗೆಯನ್ನು ಹೊಗಳುವವನನ್ನು ಕಂಡು ನಗುವವರು. ಏರಿನಲ್ಲಿ, ಹೇರಿದ ಬಂಡಿಗೆ ಹೂಡಿ, ಅದು ಹೆಗಲು ಕೊಡುವ ಬಗೆಯನ್ನು ನೋಡಿದ ಮೇಲಲ್ಲದೆ ಹಗ್ಗಕ್ಕೆ ಕೈಹಾಕದವರು. ಈ ವಾರ ನಾನು ಹೇಳಬೇಕೆಂದಿರುವುದೂ ಇಷ್ಟೆ: ನಮ್ಮ ಪಡುವಣ ಕರಾವಳಿಯಲ್ಲಿ ತೆಂಕಣಕ್ಕೆ ಹೊರಡುವ ಹಾಯಿದೋಣಿಯನ್ನು ಹೋಗುವುದಕ್ಕಾಗಿ ಅಲ್ಲ, ಮರಳುವುದಕ್ಕಾಗಿ ಸಿದ್ಧಪಡಿಸಬೇಕು.

ಗೋಕಾಕದಲ್ಲಿ ಕುಳಿತು ಕಡಲಿನ ಮಾತನ್ನಾಡುವುದು ಹಾಸ್ಯಾಸ್ಪದವೆಂದು ಬಗೆಯುವ ವಾಚಕರುಂಟು. ಅವರ ಪಕ್ಷದಲ್ಲಿ ನಮ್ಮ ಘಟಪ್ರಭೆಯೇ ಸಾಕ್ಷಿ ನುಡಿಯುವಳು: ಪಶ್ಚಿಮ ಸಮುದ್ರಕ್ಕೆ ಅಷ್ಟು ಸಮೀಪದಲ್ಲಿ ಸಹ್ಯಾದ್ರಿಯ ನೆತ್ತಿಯ ಮೇಲೆ ಜನಿಸಿಯೂ, ಆ ಸಮುದ್ರಕ್ಕೆ ಬೆನ್ನು ತಿರುಗಿಸಿ, ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟಿಗೆ ತಡೆದು ನಿಂತು, ಧೂಪದಾಳದ ಒಡ್ಡನ್ನು ದಾಟಿ, ಗೋಕಾಕ ಫಾಲ್ಸಿನಲ್ಲಿ ಸುಮಾರು 170 ಅಡಿ ಧುಮುಕಿ, ಮೂಡಲಗಿಯ ಕಬ್ಬಿನ ಸೀಮೆಯನ್ನು ತಣಿಸಿ, ಕೃಷ್ಣೆಯನ್ನು ಕೂಡಿಕೊಂಡು ಎಷ್ಟೋ ದೂರದ ಬಂಗಾಳ ಕೊಲ್ಲಿಯನ್ನು ಸೇರುವವಳು ಆಕೆ. ಆದರೆ ಇದೇ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹಾದಾಯಿಯು ಪಡುವಣ ಮುಖವಾಗಿ ಇಳಿದು, ಗೋವೆಯಲ್ಲಿ ಮಾಂಡವಿಯೆನಿಸಿ ಕಡಲನ್ನು ಸೇರುತ್ತಾಳೆ. ಆಕೆಯ ಹೆಸರನ್ನು ಹೊತ್ತ ನೌಕಾಪಡೆಯ ಹಾಯಿನೌಕೆ ‘ಮ್ಹಾದೇಯಿ’ಯಲ್ಲಿಯೇ ದಿಲೀಪ್ ದೊಂದೆಯವರು 2009–10ರಲ್ಲಿ ಏಕಾಕಿಯಾಗಿ ಭೂಪ್ರದಕ್ಷಿಣೆ ಮಾಡಿದರು, ಅಭಿಲಾಷ್ ಟಾಮಿಯವರು 2012ರ ನವೆಂಬರಿನಲ್ಲಿ ಮುಂಬಯಿಯಿಂದ ತೆಂಕಣಕ್ಕೆ ಹೊರಟು, ಎಲ್ಲಿಯೂ ಬಂದರು ಹಿಡಿಯದೆ, 2013ರ ಮಾರ್ಚ್ ಕೊನೆಗೆ ಅಲ್ಲಿಗೇ ಮರಳಿದರು. ‘ಸಮುದ್ರಗೀತೆಗಳು’ ಎಂಬ ಕವನಸಂಗ್ರಹವನ್ನು ಕನ್ನಡಕ್ಕೆ ಕೊಟ್ಟ ವಿನಾಯಕರ ಮನೆತನದ ಹೆಸರು ಗೋಕಾಕ ಎಂಬುದನ್ನೂ ನೆನೆದುಕೊಂಡರೆ, ಈ ಊರಿನ ಮಾಳಿಗೆಯ ಮೇಲೆ ಹಾಯಿ ಹಾಸುವುದು ಅಷ್ಟೇನೂ ಅಪರಾಧವೆನ್ನಿಸದು.

ಇದಕ್ಕಿಂತಲೂ ಗಟ್ಟಿಯಾದ ನಂಟೊಂದಿದೆ. ಅದು ಹತ್ತಿಯ ನಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬರುವುದಕ್ಕೆ ಮುನ್ನ, ಧಾರವಾಡ ಸೀಮೆಯ ಕರಿನೆಲದ ಹತ್ತಿ ಎತ್ತಿನ ಮೇಲೆಯೂ ಬಂಡಿಯಲ್ಲಿಯೂ ಘಟ್ಟವಿಳಿದು ಕುಮಟೆಯನ್ನು ಸೇರಿ, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳಗಾವಿಯ ಕಡೆಯದಕ್ಕೆ ವೆಂಗುರ್ಲೆಯ ಬಂದರಿತ್ತು. ಕುಮಟೆಯಲ್ಲಿ ಒಂದು ಹತ್ತಿಯ ಗಿಡ ಬೆಳೆಯದಿದ್ದರೂ, ದೂರದ ಲಿವರ್‌ಪೂಲಿನ ಪೇಟೆಯಲ್ಲಿ ನಮ್ಮ ನಾಡಿನ ಹತ್ತಿಗೆ ‘ಕುಮಟಾ’ ಎಂಬ ಹೆಸರೇ ನಿಂತುಹೋಯಿತು. ಬೆಳೆದವರ ಹೆಸರು ಅಳಿದು ಹೊರಟ ಕಡವಿನ ಹೆಸರು ಉಳಿದ ವಿಚಿತ್ರವಿದು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಆ ಪತ್ತೇಮಾರಿಗಳು, ಮಚವೆಗಳು, ಮಂಜಿಗಳು ಸರಕು ತುಂಬಿಕೊಂಡು ಸಾಗಬೇಕಾಗಿದ್ದುದು ಬಡಗಣಕ್ಕೆ, ಎಂದರೆ ವಾಯವ್ಯದ ಗಾಳಿಗೆ ಎದೆಗೊಟ್ಟು. ಹಗುರವಾಗಿ ಇಳಿದು ಬರುತ್ತಿದ್ದುದು ತೆಂಕಣಕ್ಕೆ. ಅಂದಿನ ತಂಡೇಲನ ಅನ್ನವು ಕಷ್ಟದ ದಿಕ್ಕಿನಲ್ಲಿತ್ತು. ವಿನೋದಕ್ಕಾಗಿ ಹಾಯಿ ಬಿಚ್ಚುವ ನಮ್ಮಂಥವರು ಮಾತ್ರ ಸುಖದ ದಿಕ್ಕಿನಿಂದ ಪ್ರಾರಂಭಿಸುವೆವು.

ಈ ಸುಖವೆಂಥದೆಂಬುದನ್ನು ತುಸು ವಿವರಿಸುವೆನು. ಮುಂಗಾರು ಹಿಂದೆ ಸರಿದು ಕಡಲು ತಿಳಿಯಾದ ಮೇಲೆ, ನಮ್ಮ ಕರಾವಳಿಯಲ್ಲಿ ಗಾಳಿಗೆ ದಿನಚರಿಯೊಂದು ಏರ್ಪಡುತ್ತದೆ. ರಾತ್ರಿ ನೆಲವು ಕಡಲಿಗಿಂತ ಬೇಗ ತಣ್ಣಗಾಗುವುದರಿಂದ ಬೆಳಗಿನ ಜಾವ ಮೂಡಣದಿಂದ ನೆಲಗಾಳಿಯು ಘಟ್ಟದ ಕಣಿವೆಗಳ ಮೂಲಕ ಇಳಿದು ಬರುತ್ತದೆ. ಹಗಲೇರಿ ನೆಲ ಕಾದಂತೆ ಅದು ಬಾಡಿ, ಕೆಲ ಹೊತ್ತು ಹಾಯಿಯು ಒಣಗಹಾಕಿದ ಸೀರೆಯಂತೆ ಜೋತುಬಿದ್ದು, ಮಧ್ಯಾಹ್ನಕ್ಕೆ ಪಶ್ಚಿಮ–ವಾಯವ್ಯದಿಂದ ಕಡಲಗಾಳಿ ಎದ್ದು, ಸೂರ್ಯಾಸ್ತದವರೆಗೆ ಬೀಸಿ ಅಡಗುತ್ತದೆ. ತೆಂಕಣಕ್ಕೆ ಸಾಗುವವನಿಗೆ ಇವೆರಡೂ ಅನುಕೂಲ: ಜಾವದ ಗಾಳಿ ಎಡಪಕ್ಕೆಯಿಂದ ತಳ್ಳಿ ಕಡಲಿಗೆ ಒಯ್ಯುವುದು, ಅಪರಾಹ್ನದ ಗಾಳಿ ಹಿಂಬದಿಯ ಬಲಪಕ್ಕೆಯಿಂದ ತಳ್ಳಿ ಮುಂದಿನ ಅಳಿವೆಗೆ ತಲುಪಿಸುವುದು. ಮೂರನೆಯ ದಿನಕ್ಕೆ ತಾನು ಮಹಾನಾವಿಕನೆಂಬ ಭ್ರಾಂತಿ ಹುಟ್ಟದವನು ಅಪರೂಪ. ಆದರೆ ದೋಣಿಯನ್ನು ತಿರುಗಿಸಿದೊಡನೆ ಅದೇ ವಾಯವ್ಯವು ಮುಖಕ್ಕೆ ಬಡಿಯುತ್ತದೆ. ಹಾಯಿದೋಣಿ ಗಾಳಿಯ ಕಣ್ಣಿಗೆ ನೇರವಾಗಿ ಸಾಗಲಾರದು. ಸುಮಾರು ನಲವತ್ತೈದು ಅಂಶಗಳಷ್ಟು ಓರೆಯಾಗಿ, ಒಮ್ಮೆ ಕಡಲಿನತ್ತ, ಒಮ್ಮೆ ದಡದತ್ತ, ಸೊಟ್ಟಸೊಟ್ಟ ಹಾಯಬೇಕು. ಹತ್ತು ಮೈಲಿಯ ದಾರಿಗೆ ಹದಿನಾಲ್ಕು ಮೈಲಿ ನಡೆಯಬೇಕು, ಅದೂ ಕುಗ್ಗಿದ ವೇಗದಲ್ಲಿ, ತೆರೆಯ ಪೆಟ್ಟನ್ನು ಮೂಗಿನ ಮೇಲೆ ತಿನ್ನುತ್ತ. ಹೋಗುವಾಗ ವಾಯವ್ಯವು ಕೊಟ್ಟದ್ದು ಕೊಡುಗೆಯಲ್ಲ, ಸಾಲ. ಬರುವಾಗ ಬಡ್ಡಿಸಹಿತ ತೀರಿಸಬೇಕು.

ಈ ಸಾಲದ ಬಿಸಿಯನ್ನು ಛತ್ರಪತಿ ಶಿವಾಜಿಯಂಥ ವೀರನೂ ಅನುಭವಿಸಿದನು. 1665ರ ಫೆಬ್ರವರಿಯಲ್ಲಿ ಆತನು ಮಾಲವಣದಿಂದ, ಎಂಬತ್ತೈದು ಚಿಕ್ಕ ಯುದ್ಧನೌಕೆಗಳನ್ನೂ ಮೂರು ದೊಡ್ಡ ಹಡಗುಗಳನ್ನೂ ಕೂಡಿಕೊಂಡು, ಕುಂದಾಪುರದ ಬಳಿಯ ಬಸರೂರೆಂಬ ಸಿರಿವಂತ ಪಟ್ಟಣದ ಮೇಲೆ ಕಡಲ ಮಾರ್ಗವಾಗಿ ಎರಗಿದನು. ಹೋಗುವಾಗ ಗಾಳಿ ಬೆನ್ನಿಗಿತ್ತು. ಕೆಲಸವೂ ಬೇಗನೆ ತೀರಿತು. ಮರಳುವಾಗಲಾದರೋ ಎಡೆಬಿಡದೆ ಬೀಸಿದ ವಾಯವ್ಯದ ಗಾಳಿ ಆ ನೌಕಾಸೈನ್ಯವನ್ನು ಅನೇಕ ದಿನಗಳ ಕಾಲ ತಡೆದು ನಿಲ್ಲಿಸಿತೆಂದು ಮರಾಠರ ಇತಿಹಾಸವನ್ನು ಬರೆದ ಗ್ರಾಂಟ್ ಡಫ್ ಹೇಳುತ್ತಾನೆ. ಶಿವಾಜಿ ಸ್ವತಃ ಕೈಗೊಂಡ ಸಮುದ್ರಯಾನಗಳಲ್ಲಿ ಇದೇ ಮೊದಲನೆಯದು, ಇದೇ ಕೊನೆಯದು ಎಂದೂ ಆತನೇ ಸೇರಿಸುತ್ತಾನೆ. ಮರಳುವ ದಾರಿಯಲ್ಲಿ ಗೋಕರ್ಣದಲ್ಲಿ ಮಿಂದು, ಅಂಕೋಲೆಯವರೆಗೆ ಬಂದ ಮಹಾರಾಜನು ನೌಕೆಗಳಲ್ಲಿ ಹೆಚ್ಚಿನವನ್ನು ಕಳುಹಿಸಿಕೊಟ್ಟು ಮುಂದೆ ನೆಲದ ದಾರಿ ಹಿಡಿದನು. ಕೋಟೆಗಳನ್ನು ಗೆದ್ದವನಿಗೆ ಕುದುರೆ ಒದಗಿತು. ನಮಗೆ ಒದಗುವುದು ಬಹುಶಃ ಸಾರಿಗೆ ಸಂಸ್ಥೆಯ ಬಸ್ಸು.

ಆದಕಾರಣ ಸಿದ್ಧತೆಯೆಂಬುದು ಎದುರುಗಾಳಿಯನ್ನು ಕಣ್ಣ ಮುಂದಿಟ್ಟುಕೊಂಡು ಮಾಡತಕ್ಕ ವಿದ್ಯೆ. ಅದರಲ್ಲಿ ಪ್ರಥಮ ಸ್ಥಾನ ಹಾಯಿಗೆ ಸಲ್ಲಬೇಕು. ಬೆನ್ನುಗಾಳಿಗೆ ಹಳೆಯ ಕೌದಿಯನ್ನು ಕಟ್ಟಿದರೂ ದೋಣಿ ಸಾಗೀತು. ಎದುರುಗಾಳಿಗೆ ಹಾಯಿಯು ಹಕ್ಕಿಯ ರೆಕ್ಕೆಯಂತೆ ಅಳತೆಯಲ್ಲಿ ಬಾಗಿ ನಿಲ್ಲಬೇಕು, ಹಿಗ್ಗಿದ ಬಟ್ಟೆಗೆ ಆ ಬಾಗು ಬಾರದು. ಇಂದಿನ ಹಾಯಿಗಳು ಪಾಲಿಯೆಸ್ಟರಿನವು. ಹಿಂದಿನವು ಹತ್ತಿಯವು, ತೊಯ್ದರೆ ಕುಗ್ಗುವ, ಒಣಗಿದರೆ ಸಡಿಲುವ, ಒದ್ದೆಯಾಗಿ ಮಡಿಸಿದರೆ ಬೂಷ್ಟು ಹಿಡಿಯುವ ಸೂಕ್ಷ್ಮ ಜೀವಿಗಳು. ಹೊಸ ಬಟ್ಟೆ ಕೊಳೆಯದಿದ್ದರೂ ಬಿಸಿಲು ಅದರ ದಾರವನ್ನು ತಿನ್ನುತ್ತದೆ. ಮೊದಲು ಸೋಲುವುದು ಬಟ್ಟೆಯಲ್ಲ, ಹೊಲಿಗೆ. ಮಾಳಿಗೆಯ ಪರೀಕ್ಷೆಯಲ್ಲಿ ಸೋತುಕಂಡ ಮೂರು ಹೊಲಿಗೆಗಳನ್ನೂ, ಅಂಚಿನ ಬಳಿ ಗೇಣುದ್ದ ಹರಿದ ಎಡೆಯನ್ನೂ ದುರಸ್ತಿ ಮಾಡಿಸಲು ನಾನು ಹೋದದ್ದು ಮುಂಬಯಿಗಲ್ಲ, ಹುಕ್ಕೇರಿಗೆ. ಅಲ್ಲಿ ಲಾರಿಯ ತಾಡಪತ್ರಿ ಹೊಲಿಯುವ ಕುಶಲಿಯೊಬ್ಬರು, ಅರೆಕ್ಷಣ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಎಳೆತ ಯಾವ ದಿಕ್ಕಿಗೆ ಬೀಳುವುದೆಂದು ಮಾತ್ರ ಕೇಳಿ ತಿಳಿದುಕೊಂಡು, ಮೇಣ ಸವರಿದ ದಾರದಿಂದ ಹಾವು ಹರಿದಂತೆ ಎಡಬಲಕ್ಕೆ ಹೊರಳುವ ಜೋಡಿ ಹೊಲಿಗೆ ಹಾಕಿಕೊಟ್ಟರು. “ಗಾಡೀ ಮ್ಯಾಗಿಂದು ಬಾಯಿ ಬಿಟ್ರ ಮಾಲು ತೊಯ್ತದ, ಇದು ಬಾಯಿ ಬಿಟ್ರ ಮಂದಿ ತೊಯ್ತಾರ, ಹೌದಲ್ರಿ?” ಎಂದು ಅವರು ನಕ್ಕಾಗ, ಈ ಶಾಸ್ತ್ರದ ಅರ್ಧಾಂಶವನ್ನು ಅವರು ಗ್ರಹಿಸಿಬಿಟ್ಟಿದ್ದಾರೆಂದು ನನಗೆ ಖಾತ್ರಿಯಾಯಿತು. ಗಾಳಿ ಬಲಿತಾಗ ಹಾಯಿಯ ಕೆಳಭಾಗವನ್ನು ಮಡಿಸಿ ಕಟ್ಟಿ ಅದರ ಹರಹನ್ನು ಕುಗ್ಗಿಸಲು ಎರಡು ಸಾಲು ಕಟ್ಟುದಾರಗಳಿರುತ್ತವೆ. ಹೋಗುವಾಗ ಇವುಗಳ ನೆನಪೇ ಬಾರದು, ಬರುವಾಗ ಇವುಗಳಿಂದಲೇ ಪ್ರಾಣ.

ಎರಡನೆಯದು ತಳ. ದಸರೆಯ ಬಳಿಕ ಕಾಳಿ ನದಿಯ ದಂಡೆಯಲ್ಲಿ ದೋಣಿಯನ್ನು ಮೇಲೆಳೆದು ಕವುಚಿ ನೋಡಿದರೆ, ಅದರ ಹೊಟ್ಟೆಯ ತುಂಬ ಸುಣ್ಣದ ಮೊಗ್ಗುಗಳಂತೆ ಕಚ್ಚಿಕೊಂಡ ಚಿಪ್ಪಿನ ಜೀವಿಗಳು. ಬೆನ್ನುಗಾಳಿಯಲ್ಲಿ ಅವು ವೇಗವನ್ನಷ್ಟೇ ಕದಿಯುತ್ತವೆ, ಎದುರುಗಾಳಿಯಲ್ಲಿ ದೋಣಿಯನ್ನು ಪಕ್ಕಕ್ಕೆ ಜಾರಿಸಿ ಗಳಿಸಿದ ದಾರಿಯನ್ನೇ ಕಳೆಯುತ್ತವೆ. ಎರಡು ದಿನ ಕೆರೆದು, ಸಿಹಿನೀರಿನಲ್ಲಿ ತೊಳೆದು, ಅವು ಮತ್ತೆ ಕೂಡದಂತೆ ತಡೆಯುವ ತಾಮ್ರಾಂಶದ ಬಣ್ಣ ಬಳಿದೆವು. ನಮ್ಮದು ಇಪ್ಪತ್ತನಾಲ್ಕು ಅಡಿಯ ಫೈಬರ್ ದೋಣಿಯಾದ್ದರಿಂದ ಕೆಲಸ ಅಲ್ಲಿಗೆ ಮುಗಿಯಿತು. ಮರದ ಪತ್ತೇಮಾರಿಯ ಕಾಲದಲ್ಲಿ ಹಲಗೆ ಹಲಗೆಗಳ ಸಂದಿಗೆ ರಾಳ ಮತ್ತು ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಬತ್ತಿಯನ್ನು ತುರುಕಿ, ಉಳಿಯಿಂದ ಬಡಿದು ಕೂರಿಸಿ, ಮೇಲೆ ಮೀನೆಣ್ಣೆಯನ್ನು ಕುಡಿಸುತ್ತಿದ್ದರು. ನೀರಿಗಿಳಿದ ಮರ ಉಬ್ಬಿದಾಗ ಹತ್ತಿಯು ಅದುಮಿಕೊಂಡು ಗಟ್ಟಿಯಾಗುತ್ತಿತ್ತು. ಹಾಯಿಯಲ್ಲಿ ಹತ್ತಿ, ಸಂದಿಯಲ್ಲಿ ಹತ್ತಿ, ಒಡಲಿನ ತುಂಬ ಹೇರಿದ ಹತ್ತಿ: ಕಡಲು ಕಾಣದ ಕರಿನೆಲದ ಒಕ್ಕಲಿಗನ ಬೆಳೆ ಹಾಗೆ ಮೂರು ವೇಷದಲ್ಲಿ ಯಾನ ಮಾಡಿತು.

ಉಳಿದವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುವೆನು. ಕೂವೆಮರವನ್ನು ಹಿಡಿದು ನಿಲ್ಲಿಸುವ ಉಕ್ಕಿನ ತಂತಿಗಳಲ್ಲಿ ಒಂದೇ ಎಳೆ ಮುರಿದಿದ್ದರೂ ಇಡೀ ತಂತಿಯನ್ನು ಬದಲಿಸಬೇಕು. ಮುರಿದ ಎಳೆಯನ್ನು ಪತ್ತೆಹಚ್ಚಲು ಅರಿವೆಯ ತುಂಡಿನಿಂದ ಸವರಿದರೆ ಅದು ತಾನಾಗಿ ಸಿಕ್ಕುವುದು. ಲಂಗರಿಗೆ ನೀರಿನ ಆಳದ ಐದರಿಂದ ಏಳು ಪಟ್ಟು ಉದ್ದದ ಸರಪಳಿ–ಹಗ್ಗ ಬೇಕು, ಏಕೆಂದರೆ ಲಂಗರು ಹಿಡಿಯುವುದು ತನ್ನ ತೂಕದಿಂದಲ್ಲ, ನೆಲದುದ್ದಕ್ಕೆ ಬೀಳುವ ಎಳೆತದಿಂದ. ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಾರ್ಯಾಲಯವು ಮುದ್ರಿಸುವ ಕಾಗದದ ನಕ್ಷೆ, ದಿಕ್ಸೂಚಿ, ಆಳ ಅಳೆಯುವ ಗುಂಡು, ತೇಲುಕವಚಗಳು, ರೇಡಿಯೋ, ಇವು ಇಲ್ಲದೆ ಹೊರಡುವುದು ಸಾಹಸವಲ್ಲ, ಉದ್ಧಟತನ. ತಟರಕ್ಷಕ ಪಡೆಯ 1554 ಎಂಬ ಸಂಖ್ಯೆಯನ್ನು ಕೂವೆಮರದ ಬುಡದಲ್ಲಿ ಬರೆದಿಟ್ಟಿದ್ದೇವೆ. ಬಂದರಿನ ಅಧಿಕಾರಿಗಳಿಗೂ ಕರಾವಳಿ ಕಾವಲು ಪೊಲೀಸರಿಗೂ ಪ್ರಯಾಣದ ವಿವರವನ್ನು ತಿಳಿಸುವ ಪತ್ರಗಳು ಬೇರೆ. ಮೋಜಿಗಾಗಿ ಗಾಳಿಯ ಮೇಲೆ ಹೋಗುತ್ತೇವೆಂದರೆ ನಂಬುವ ಗುಮಾಸ್ತ ಇನ್ನೂ ಹುಟ್ಟಬೇಕಾಗಿರುವುದರಿಂದ, ಇದಕ್ಕೆ ಹಾಯಿ ಹೊಲಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಆಹಾರದ ವಿಷಯಕ್ಕೆ ಬಂದರೆ, ನಮ್ಮ ಸೀಮೆಯವನಿಗೆ ಸರಿಗಟ್ಟುವ ನಾವಿಕನಿಲ್ಲವೆಂದು ನಾನು ಸಭೆಯಲ್ಲಿ ನಿಂತು ಹೇಳಬಲ್ಲೆ. ವಿಲಾಯತಿಯ ಹಡಗಿನವರು ಕಲ್ಲಿನಂಥ ಬಿಸ್ಕತ್ತನ್ನು ಕಡಿದು ಹಲ್ಲು ಕಳೆದುಕೊಂಡ ಕಥೆಗಳನ್ನೋದುವಾಗೆಲ್ಲ ನನಗೆ ಕನಿಕರವುಂಟಾಗುತ್ತದೆ. ಅವರಿಗೆ ಜೋಳದ ಖಡಕ್ ರೊಟ್ಟಿಯ ಪರಿಚಯವಾಗಿರಲಿಲ್ಲ. ವಾರಗಟ್ಟಲೆ ಕೆಡದ, ಒಲೆಯನ್ನು ಬೇಡದ, ಶೇಂಗಾ ಚಟ್ನಿಯೊಡನೆ ಯಾವ ತೆರೆಯಲ್ಲಿಯೂ ಒಂದೇ ಕೈಯಿಂದ ತಿನ್ನಬಹುದಾದ ಆಹಾರ ಬೇರೆ ಯಾವುದಿದೆ? ಸಂಕೇಶ್ವರದ ಮೆಣಸಿನಕಾಯಿಯ ಖಾರ, ಮೂಡಲಗಿಯಿಂದ ಕಾಕಾ ಕಳುಹಿಸಿದ ಬೆಲ್ಲ, ಗೋಕಾಕದ ಕರದಂಟು: ಅಂಟು, ಕೊಬ್ಬರಿ, ಬಾದಾಮಿ, ಬೆಲ್ಲಗಳು ಕೂಡಿದ ಈ ಭಕ್ಷ್ಯದ ಒಂದು ತುಂಡು ರಾತ್ರಿಯ ಚುಕ್ಕಾಣಿ ಹಿಡಿದವನನ್ನು ಬೆಳಗಿನವರೆಗೆ ಎಚ್ಚರದಲ್ಲಿಡುತ್ತದೆ. ಕುಡಿಯುವ ನೀರನ್ನು ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ತುಂಬಿದೆವು. ರೊಟ್ಟಿಗಳನ್ನು ಮಾತ್ರ ಹೋಗುವ ದಿನಗಳಿಗೊಂದು ಗಂಟು, ಬರುವ ದಿನಗಳಿಗೆ ಅದರ ಎರಡರಷ್ಟು ದೊಡ್ಡದಾದ ಇನ್ನೊಂದು ಗಂಟು ಎಂದು ಬೇರೆ ಬೇರೆ ಕಟ್ಟಿಸಿದೆ. ಮನೆಯಲ್ಲಿ ಇದಕ್ಕೆ ಕಾರಣ ಕೇಳಿದರು, ವಾಯವ್ಯವೆಂದೆ.

ಡಿಸೆಂಬರಿನ ಒಂದು ಜಾವ, ಹುಣ್ಣಿಮೆ ಕಳೆದು ಕೆಲವು ದಿನಗಳಾಗಿದ್ದಾಗ, ಕಾರವಾರದ ಕಡವಿನಿಂದ ಹೊರಟೆವು: ದೋಣಿಯಲ್ಲಿ ಸಹಭಾಗಿಯಾದ ಮಿತ್ರರು, ಯೌವನವನ್ನು ಮಂಜಿಯ ಮೇಲೆ ಕಳೆದ ವೃದ್ಧ ತಂಡೇಲರು, ನಾನು. ನಿಲ್ಲಬೇಕಾದ ಅಳಿವೆಯಲ್ಲಿ ಭರತವು ಅಪರಾಹ್ನಕ್ಕೆ ಬೀಳುವ ತಿಥಿಯನ್ನು ತಂಡೇಲರೇ ಆರಿಸಿದ್ದರು, ಏಕೆಂದರೆ ಇಳಿತದ ನೀರು ಎದುರಿನ ತೆರೆಯೊಡನೆ ಗುದ್ದಾಡುವಾಗ ಮರಳದಿಣ್ಣೆಯನ್ನು ದಾಟುವುದು ಈ ಕರಾವಳಿಯಲ್ಲಿ ಎಷ್ಟೋ ದೋಣಿಗಳನ್ನು ಬಲಿಗೊಂಡ ತಪ್ಪು. ನೆಲಗಾಳಿ ಕಾಳಿಯ ಕಣಿವೆಯಿಂದ ತಣ್ಣಗೆ ಇಳಿಯುತ್ತಿತ್ತು. ಅದರಲ್ಲಿ ಕಾಡಿನ ವಾಸನೆ, ಮೀನು ಒಣಗಿಸುವ ಅಂಗಳದ ವಾಸನೆ ಎರಡೂ ಬೆರೆತಿದ್ದವು. ಹಾಯಿ ಒಮ್ಮೆ ಪಟಪಟನೆ ಕೊಡವಿಕೊಂಡು ತುಂಬಿತು. ದೋಣಿಯ ಮೈಯಲ್ಲಿ ಹರಿದುಹೋಗುವ ಆ ಮೊದಲ ನಡುಕವನ್ನು, ಹೂಡಿದ ಜೋಡೆತ್ತು ನೊಗಕ್ಕೆ ಹೆಗಲೊತ್ತುವ ಗಳಿಗೆಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ, ಕಾಣದವರಿಗೆ ವಿವರಿಸಲಾಗದು. 1864ರಿಂದ ಕಣ್ಣು ಮಿಟುಕಿಸುತ್ತಿರುವ ದೇವಗಡ ದ್ವೀಪದ ದೀಪಸ್ತಂಭವನ್ನು ಹಿಂದಿಕ್ಕಿ, ನೌಕಾನೆಲೆಯ ನಿಷಿದ್ಧ ಜಲವನ್ನೂ ಅಂಜದೀವವನ್ನೂ ದೂರದಿಂದಲೇ ಬಳಸಿ, ತೆಂಕಣಕ್ಕೆ ಮುಖ ಮಾಡುವ ಹೊತ್ತಿಗೆ ಘಟ್ಟದ ಸಾಲಿನ ಹಿಂದೆ ಸೂರ್ಯೋದಯವಾಯಿತು. ಆ ಸಾಲಿನಾಚೆ ನಮ್ಮ ಊರು.

ಹತ್ತು ಗಂಟೆಗೆ ಗಾಳಿ ಸತ್ತಿತು. ಬೇಲೆಕೇರಿಯ ಕೊಲ್ಲಿಯ ಹೊರಗೆ ಎರಡು ತಾಸು ಹಾಗೆಯೇ ತೇಲುತ್ತ, ಮೊದಲ ಗಂಟಿನ ರೊಟ್ಟಿ ಮುರಿದೆವು. ತಂಡೇಲರು ದೋಣಿಯ ಪಕ್ಕದಲ್ಲಿ ತೇಲುತ್ತಿದ್ದ ಎಲೆಯೊಂದನ್ನು ತೋರಿಸಿ, ನೀರು ಬಡಗಣಕ್ಕೆ ಹರಿಯುತ್ತಿದೆಯೆಂದರು. ಚಳಿಗಾಲದ ಈ ಕೆಲವು ತಿಂಗಳು ನಮ್ಮ ಕರಾವಳಿಯ ಒಳಪ್ರವಾಹವು ಗಾಳಿಗೆ ವಿರೋಧವಾಗಿ ಉತ್ತರಾಭಿಮುಖವಾಗಿರುವುದು. ಹೋಗುವವನಿಂದ ತುಸು ಕಿತ್ತುಕೊಂಡು, ಬರುವವನ ಸಾಲದಲ್ಲಿ ಅಷ್ಟನ್ನು ವಜಾ ಮಾಡುವ ದಯಾಳು ಅದು. ಪ್ರಯಾಣಕ್ಕೆ ಡಿಸೆಂಬರನ್ನು ಆರಿಸಿದ್ದರ ಗುಟ್ಟೂ ಅದೇ. ಮಧ್ಯಾಹ್ನವಾಗುತ್ತಲೂ ಪಡುವಣದ ನೀರಿನ ಮೇಲೆ ಕಪ್ಪು ಗೆರೆಯೊಂದು ಮೂಡಿ, ಹತ್ತಿರವಾಗಿ, ನಮ್ಮನ್ನೆತ್ತಿಕೊಂಡಿತು. ಗಂಗಾವಳಿಯ ಅಳಿವೆ, ಗೋಕರ್ಣದ ಬಂಡೆಗಳು, ಓಂ ಕಡಲತೀರದ ಬಾಗು, ಎಲ್ಲವೂ ಯಾರೋ ಚಿತ್ರಪಟವನ್ನು ಸುರುಳಿ ಬಿಚ್ಚಿದಂತೆ ಸರಿದುಹೋದವು. ಅಘನಾಶಿನಿಯ ಬಾಯಿಯಲ್ಲಿ ತದಡಿ ಬಂದರು ಕಾಣಿಸಿದಾಗ ಭರತಕ್ಕೆ ಇನ್ನೂ ಒಂದು ತಾಸಿತ್ತು.

ಈ ಒಂದು ತಾಸನ್ನು ಹಲವರು ಚಹಾದಲ್ಲಿ ಕಳೆಯುವರು. ನಮ್ಮ ದೋಣಿಯಲ್ಲಿ ಒಂದು ಪದ್ಧತಿಯಿದೆ: ಮೊದಲ ದಿನದ ಪಯಣ ಮುಗಿಯುವ ಮುನ್ನ, ಬಂದರು ಕಣ್ಣೆದುರಿಗಿರುವಾಗಲೇ, ದೋಣಿಯನ್ನು ಬಡಗಣಕ್ಕೆ ತಿರುಗಿಸಿ, ಹೊರಟ ಊರಿನ ಕಡೆಗೆ ಗಾಳಿಗೆದುರಾಗಿ ಅರ್ಧ ತಾಸು ಹಾಯುವುದು. ತಿರುಗಿಸಿದ ಕೂಡಲೆ ಲೋಕವೇ ಬದಲಾಯಿತು. ಅಷ್ಟು ಹೊತ್ತು ಮೆಲುದನಿಯಲ್ಲಿದ್ದ ಗಾಳಿ ಕಿವಿಯಲ್ಲಿ ಕೂಗತೊಡಗಿತು. ದೋಣಿ ಒಂದು ಮಗ್ಗುಲಿಗೆ ವಾಲಿ, ತೆರೆಯನ್ನು ತಲೆಯಿಂದ ಗುದ್ದಿ, ಉಪ್ಪುನೀರನ್ನು ನಮ್ಮ ಮುಖಕ್ಕೆರಚಿತು. ಒಳಗೆ ಎಲ್ಲಿಯೋ ಡಬ್ಬಿಯೊಂದು ಉರುಳಿಬಿದ್ದಿತು. ನಾನು ನೋಡುತ್ತಿದ್ದುದು ಹಾಯಿಯ ಅಂಚಿನ ಆ ಗೇಣುದ್ದದ ಎಡೆಯನ್ನು. ಹುಕ್ಕೇರಿಯ ಹೊಲಿಗೆಯ ಮೇಲೆ ಎಳೆತವೆಲ್ಲ ಬಂದು ನಿಂತಿತ್ತು; ಬಟ್ಟೆ ಬಿಗಿದು ನಾದಗೊಡುತ್ತಿತ್ತು; ದಾರ ಮಿಸುಕಲಿಲ್ಲ. ತಂಡೇಲರು ಹೊಲಿಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಏನೂ ಹೇಳದೆ ತಲೆಯಾಡಿಸಿ ಚುಕ್ಕಾಣಿಯನ್ನು ತಿರುವಿದರು.

ತದಡಿಯ ಧಕ್ಕೆಯ ಬಳಿ ಲಂಗರು ಬಿಟ್ಟ ಮೇಲೆ ಕಾಕಾಗೆ ಫೋನ್ ಮಾಡಿದೆ. ದೀಪಸ್ತಂಭ, ಸೂರ್ಯೋದಯ, ಗೋಕರ್ಣದ ಬಂಡೆಗಳನ್ನು ಕುರಿತ ನನ್ನ ವರ್ಣನೆಯನ್ನು ಅವರು ತಾಳ್ಮೆಯಿಂದ ಕೇಳಿ, ಕೊನೆಗೆ ಒಂದೇ ಒಂದನ್ನು ವಿಚಾರಿಸಿದರು.

“ಬರೂ ಗಂಟು ಬಿಚ್ಚಿಲ್ಲಲ್ಲ?”

“ಇಲ್ಲ ಕಾಕಾ.”

“ಹಂಗಾರ ಹೋಗಿ ಬರ್ರಿ.”